ದುಡಿಮೆ ರಾಯಾಪುರದಲ್ಲಿ, ಜೀವ ಊರಿನಲ್ಲಿ: ವಲಸೆ ಬಂದವರ ಫೋನಿನ ನಂಟು

ಹುಬ್ಬಳ್ಳಿ ಮತ್ತು ಧಾರವಾಡದ ನಡುವೆ, ಹಳೆಯ ಪುಣೆ-ಬೆಂಗಳೂರು ರಸ್ತೆಯ ಮೇಲೆ ರಾಯಾಪುರವಿದೆ. ಇಲ್ಲಿ ಕೈಗಾರಿಕಾ ಪ್ರದೇಶವಿದೆ, ಇಸ್ಕಾನ್ ದೇವಸ್ಥಾನವಿದೆ, ಶಾಲೆಯ ಮಕ್ಕಳಿಗೆ ಬಿಸಿಯೂಟ ಸಿದ್ಧಪಡಿಸುವ ಅಕ್ಷಯಪಾತ್ರೆಯ ಅಡುಗೆಮನೆಯಿದೆ. ಸ್ವಲ್ಪ ಮುಂದೆ ಸತ್ತೂರಿನಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ವೈದ್ಯಕೀಯ ಮಹಾವಿದ್ಯಾಲಯ ಮತ್ತು ಆಸ್ಪತ್ರೆಗಳಿವೆ. 2020ರ ಫೆಬ್ರವರಿಯಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಯಾದ ಬಿಆರ್‌ಟಿಎಸ್‌ನ ಚಿಗರಿ ಬಸ್ಸುಗಳು ಇದೇ ದಾರಿಯಲ್ಲಿ ಓಡಾಡುತ್ತವೆ. ಪಾಳಿ ಮುಗಿಸಿ ಬಸ್ಸು ಹತ್ತುವವರಲ್ಲಿ ಹೆಚ್ಚಿನವರ ಕಿವಿಗೆ ಫೋನು ಇರುತ್ತದೆ. ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ಮಾರವಾಡಿಯಲ್ಲಿ, ಮತ್ತೊಬ್ಬರು ಹಿಂದಿಯಲ್ಲಿ ಅಥವಾ ಒಡಿಯಾದಲ್ಲಿ ಮಾತನಾಡುತ್ತಾರೆ. ಭಾಷೆ ಯಾವುದಾದರೂ ಕೇಳುವ ಪ್ರಶ್ನೆ ಒಂದೇ: ಊಟ ಆಯಿತೇ, ಆರೋಗ್ಯ ಹೇಗಿದೆ, ಮಳೆ ಬಂತೇ.

ಊರು ಬಿಟ್ಟು ಬಂದವರು ಊರಿನೊಂದಿಗೆ ನಂಟು ಹೇಗೆ ಉಳಿಸಿಕೊಳ್ಳುತ್ತಾರೆ? ಮೊದಲು ಹೇಗಿತ್ತು, ಈಗ ಹೇಗಿದೆ, ಜೈನ ಕುಟುಂಬಗಳಿಗೆ ಇದರಲ್ಲಿ ವಿಶೇಷವಾಗಿ ಬರುವ ಪ್ರಶ್ನೆಗಳೇನು, ಯಾವುದರಲ್ಲಿ ಎಚ್ಚರ ಬೇಕು ಎಂಬುದನ್ನು ಇಲ್ಲಿ ಒಂದೊಂದಾಗಿ ವಿವರಿಸಲಾಗಿದೆ.

ಬಂದವರು ಯಾರು

2011ರ ಜನಗಣತಿಯ ಪ್ರಕಾರ ದೇಶದಲ್ಲಿ ಜೈನರ ಸಂಖ್ಯೆ ಸುಮಾರು 44.5 ಲಕ್ಷ, ಕರ್ನಾಟಕದಲ್ಲಿ ಸುಮಾರು 4.4 ಲಕ್ಷ. ಸಂಖ್ಯೆ ಚಿಕ್ಕದಾದರೂ ಹರಡಿಕೊಂಡಿರುವ ಸಮಾಜವಿದು. ಹುಬ್ಬಳ್ಳಿ-ಧಾರವಾಡದಲ್ಲಿ ಮುಖ್ಯವಾಗಿ ಎರಡು ಬಗೆಯ ಜೈನ ಕುಟುಂಬಗಳು ಹೊರಗಿನಿಂದ ಬಂದು ನೆಲೆಸಿವೆ.

ಮೊದಲನೆಯವರು ಕನ್ನಡ ಮಾತನಾಡುವ ದಿಗಂಬರ ಜೈನರು. ಚಿಕ್ಕೋಡಿ, ರಾಯಬಾಗ, ಅಥಣಿ, ಜಮಖಂಡಿ, ತೇರದಾಳ ಮುಂತಾದ ಕಡೆಗಳಲ್ಲಿ ಇವರ ಮನೆತನಗಳು ತಲೆಮಾರುಗಳಿಂದ ಒಕ್ಕಲುತನ ಮಾಡಿಕೊಂಡು ಬಂದಿವೆ. ಹೊಲ ಹಂಚಿಹೋಗಿ ಸಣ್ಣದಾದಂತೆ ಮಕ್ಕಳು ಕಾಲೇಜಿಗೆ, ಕಾರ್ಖಾನೆಗೆ, ಬ್ಯಾಂಕಿಗೆ, ಅಂಗಡಿಗೆ ಎಂದು ನಗರಕ್ಕೆ ಬಂದರು. ತಂದೆತಾಯಿ ಊರಲ್ಲೇ ಉಳಿದರು.

ಎರಡನೆಯವರು ರಾಜಸ್ಥಾನದ ಜಾಲೋರ, ಪಾಲಿ, ಸಿರೋಹಿ, ಬಾಡಮೇರ ಕಡೆಯಿಂದ ಮತ್ತು ಗುಜರಾತಿನ ಕಚ್ಛ, ಸೌರಾಷ್ಟ್ರ ಕಡೆಯಿಂದ ವ್ಯಾಪಾರಕ್ಕೆ ಬಂದ ಕುಟುಂಬಗಳು. 1880ರ ದಶಕದಲ್ಲಿ ರೈಲು ಹುಬ್ಬಳ್ಳಿಗೆ ಬಂದ ಮೇಲೆ ಇಲ್ಲಿನ ಹತ್ತಿ, ಬಟ್ಟೆ, ಕಿರಾಣಿ ಪೇಟೆ ಬೆಳೆಯಿತು. ಜೋಧಪುರ-ಬೆಂಗಳೂರು ರೈಲು ಇಂದಿಗೂ ಹುಬ್ಬಳ್ಳಿಯ ಮೂಲಕವೇ ಹೋಗುತ್ತದೆ. ಮದುವೆ, ಪ್ರತಿಷ್ಠಾ ಮಹೋತ್ಸವಗಳ ಕಾಲದಲ್ಲಿ ಆ ಗಾಡಿಯಲ್ಲಿ ಜಾಗ ಸಿಗುವುದು ಕಷ್ಟ.

ಇವರಲ್ಲದೆ ಮೂರನೆಯ ಗುಂಪೊಂದಿದೆ. ಕಾರ್ಖಾನೆ, ಗೋದಾಮು, ಅಂಗಡಿಗಳಲ್ಲಿ ದುಡಿಯುವ ಬಿಹಾರ, ಉತ್ತರ ಪ್ರದೇಶ, ಒಡಿಶಾ, ರಾಜಸ್ಥಾನದ ತರುಣರು. ಇವರಲ್ಲಿ ಹೆಚ್ಚಿನವರು ಜೈನರಲ್ಲ, ಆದರೆ ಅನೇಕರು ಜೈನ ಮಾಲೀಕರ ಬಳಿ ಕೆಲಸದಲ್ಲಿದ್ದಾರೆ. ಅವರ ಊರಿನ ನಂಟಿನ ಬಗ್ಗೆ ಮಾಲೀಕರ ಹೊಣೆಯೂ ಇದೆ.

ದೇಸ ಮತ್ತು ದಿಸಾವರ

ಮಾರವಾಡಿ ವ್ಯಾಪಾರಿಗಳ ಮಾತಿನಲ್ಲಿ ಹುಟ್ಟೂರು ಎಂದರೆ 'ದೇಸ', ವ್ಯಾಪಾರದ ಊರು ಎಂದರೆ 'ದಿಸಾವರ'. ಗಂಡಸರು ದಿಸಾವರದಲ್ಲಿ, ಹೆಂಡತಿ ಮಕ್ಕಳು ದೇಸದಲ್ಲಿ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಊರಿಗೆ ಹೋಗಿಬರುವುದು ಎಷ್ಟೋ ಮನೆಗಳ ರೂಢಿಯಾಗಿತ್ತು. ನಡುವೆ ಸಂಪರ್ಕವೆಂದರೆ ಕಾಗದ. ಆ ಕಾಗದಗಳನ್ನು ಹೆಚ್ಚಾಗಿ ಮಹಾಜನಿ ಅಥವಾ ಮುಡಿಯಾ ಎಂಬ ಲಿಪಿಯಲ್ಲಿ ಬರೆಯುತ್ತಿದ್ದರು. ಬೇಗ ಬರೆಯಲೆಂದು ಆ ಲಿಪಿಯಲ್ಲಿ ಕಾಗುಣಿತದ ಗುರುತುಗಳನ್ನು ಬಿಟ್ಟುಬಿಡುವುದು ವಾಡಿಕೆ. ಇದರಿಂದಾಗುವ ಪಜೀತಿಯ ಬಗ್ಗೆ ಒಂದು ಹಳೆಯ ಕಥೆ ಪ್ರಚಲಿತವಾಗಿದೆ. 'ಕಾಕಾಜಿ ಅಜಮೇರ ಗಯೇ' ಎಂದು ಬರೆದದ್ದನ್ನು ಊರಿನವರು 'ಕಾಕಾಜಿ ಆಜ ಮರ ಗಯೇ' ಎಂದು ಓದಿದರಂತೆ. ಅಜ್ಮೇರಿಗೆ ಹೋದವರು ಇಂದು ತೀರಿಕೊಂಡರು ಎಂದಾಗಿ ಮನೆಯಲ್ಲಿ ಗೋಳಾಟ ಶುರುವಾಯಿತಂತೆ. ಕಥೆ ನಗೆಯದಾದರೂ ಪಾಠ ಗಟ್ಟಿ: ದೂರದಿಂದ ಬಂದ ಸುದ್ದಿಯನ್ನು ಸರಿಯಾಗಿ ತಿಳಿಯದೆ ನಂಬಬಾರದು. ಇಂದಿನ ಮೊಬೈಲಿಗೂ ಇದು ಸಲ್ಲುವ ಮಾತು.

ಹಣ ಕಳಿಸಲು ಹುಂಡಿ ಇತ್ತು. ತೋರಿಸಿದ ಕೂಡಲೇ ಹಣ ಕೊಡಬೇಕಾದದ್ದು ದರ್ಶನಿ ಹುಂಡಿ, ಗೊತ್ತುಪಡಿಸಿದ ದಿನಗಳ ನಂತರ ಕೊಡಬೇಕಾದದ್ದು ಮುದ್ದತಿ ಹುಂಡಿ. ಸಣ್ಣ ಮೊತ್ತಕ್ಕೆ ಅಂಚೆಯ ಮನಿಯಾರ್ಡರ್ ಇತ್ತು. ಮನಿಯಾರ್ಡರ್ ಫಾರಂನ ಕೆಳಗೆ ನಾಲ್ಕು ಮಾತು ಬರೆಯಲು ಸ್ವಲ್ಪ ಜಾಗ ಇರುತ್ತಿತ್ತು. ಓದು ಬಾರದ ತಾಯಿಗೆ ಅಂಚೆಯವನೇ ಹಣ ಎಣಿಸಿಕೊಟ್ಟು ಆ ನಾಲ್ಕು ಮಾತನ್ನೂ ಓದಿ ಹೇಳುತ್ತಿದ್ದ.

ಕಾಗದದ ರೂಪವೇ ಸುದ್ದಿ ಹೇಳುತ್ತಿತ್ತು. ಮೂಲೆಗೆ ಅರಿಶಿನ-ಕುಂಕುಮ ಹಚ್ಚಿದ್ದರೆ ಮದುವೆಯ ಸುದ್ದಿ. ರಾಜಸ್ಥಾನದ ಕಡೆ ಮೂಲೆ ಹರಿದ ಕಾರ್ಡು ಬಂದರೆ ಸಾವಿನ ಸುದ್ದಿ, ಓದುವ ಮುನ್ನವೇ ಮನೆಯಲ್ಲಿ ಅಳು ಏಳುತ್ತಿತ್ತು. ತಾರು ಬಂದರಂತೂ ಎದೆ ಡವಗುಟ್ಟುತ್ತಿತ್ತು, ಏಕೆಂದರೆ ಬಡವರ ಮನೆಗೆ ಶುಭ ಸುದ್ದಿಗಾಗಿ ತಾರು ಬರುವುದು ಅಪರೂಪ. ಆ ತಾರು ಸೇವೆ 2013ರ ಜುಲೈನಲ್ಲಿ ದೇಶದಲ್ಲಿ ಪೂರ್ತಿ ನಿಂತುಹೋಯಿತು.

ದೂರದವರಿಗೆ ಕಾಗದ ಕಳಿಸುವುದು ಜೈನ ಪರಂಪರೆಯಲ್ಲಿ ಒಂದು ಧಾರ್ಮಿಕ ಕಾರ್ಯವೂ ಆಗಿತ್ತು. ಶ್ವೇತಾಂಬರ ಸಂಘಗಳು ದೂರದಲ್ಲಿರುವ ಆಚಾರ್ಯರಿಗೆ ಕ್ಷಮೆ ಕೋರಿ, ಮುಂದಿನ ಚಾತುರ್ಮಾಸಕ್ಕೆ ತಮ್ಮ ಊರಿಗೆ ಬರಬೇಕೆಂದು ಬಿನ್ನವಿಸಿ ಕಳಿಸುತ್ತಿದ್ದ ಉದ್ದನೆಯ ಚಿತ್ರಸುರುಳಿಗೆ 'ವಿಜ್ಞಪ್ತಿಪತ್ರ' ಎಂದು ಹೆಸರು. 1610ರಲ್ಲಿ ಆಗ್ರಾ ಸಂಘದವರು ಆಚಾರ್ಯ ವಿಜಯಸೇನ ಸೂರಿಗಳಿಗೆ ಕಳಿಸಿದ ಪತ್ರ ಇವುಗಳಲ್ಲಿ ಹೆಸರಾದದ್ದು. ಅದನ್ನು ಚಿತ್ರಿಸಿದವರು ಉಸ್ತಾದ್ ಶಾಲಿವಾಹನ. ಊರಿನ ಪೇಟೆ, ಅರಮನೆ, ಜನ ಎಲ್ಲವನ್ನೂ ಚಿತ್ರದಲ್ಲಿ ತೋರಿಸಿ ದೂರದಲ್ಲಿರುವ ಗುರುಗಳಿಗೆ ಊರನ್ನೇ ಕಾಣಿಸುವ ಪ್ರಯತ್ನ ಅದು. ಇಂದು ಊರಿನ ರಥೋತ್ಸವವನ್ನು ಫೋನಿನಲ್ಲಿ ಹಿಡಿದು ಕಳಿಸುವವರೂ ಅದೇ ಕೆಲಸ ಮಾಡುತ್ತಿದ್ದಾರೆ.

ಎಸ್‌ಟಿಡಿ ಬೂತಿನಿಂದ ಕೈಯ ಫೋನಿಗೆ

ಟ್ರಂಕ್ ಕಾಲ್ ಕಾಲದಲ್ಲಿ ಕರೆ ಬುಕ್ ಮಾಡಿ ಗಂಟೆಗಟ್ಟಲೆ ಕಾಯಬೇಕಿತ್ತು. 1980ರ ದಶಕದ ಕೊನೆಯಿಂದ ಹಳದಿ ಫಲಕದ ಎಸ್‌ಟಿಡಿ ಬೂತುಗಳು ಊರೂರಿಗೆ ಬಂದವು. ರಾತ್ರಿ ಹೊತ್ತು ದರ ಕಡಿಮೆಯಾಗುತ್ತಿದ್ದುದರಿಂದ ಆಗಲೇ ಸಾಲು ಹಚ್ಚುತ್ತಿತ್ತು. ಗಾಜಿನ ಪೆಟ್ಟಿಗೆಯೊಳಗೆ ನಿಂತು, ಮೀಟರಿನ ಮೇಲೆ ಕಣ್ಣಿಟ್ಟು, ಹೇಳಬೇಕಾದುದನ್ನು ಎರಡು ನಿಮಿಷದಲ್ಲಿ ಹೇಳಿ ಮುಗಿಸಬೇಕು. ಊರಲ್ಲಿ ಫೋನು ಇದ್ದದ್ದು ಒಂದೋ ಎರಡೋ ಮನೆಗಳಲ್ಲಿ. ಆ ಮನೆಯ ಹುಡುಗ ಓಡಿಹೋಗಿ ತಾಯಿಯನ್ನು ಕರೆದುಕೊಂಡು ಬರುವವರೆಗೆ ಫೋನು ಇಟ್ಟು ಮತ್ತೆ ಹಚ್ಚಬೇಕು.

1995ರ ಜುಲೈ 31ರಂದು ದೇಶದಲ್ಲಿ ಮೊದಲ ಮೊಬೈಲ್ ಕರೆ ಆಯಿತು. ಆರಂಭದಲ್ಲಿ ಒಳಬರುವ ಕರೆಗೂ ಹಣ ಕೊಡಬೇಕಿತ್ತು. 2003ರಲ್ಲಿ ಒಳಬರುವ ಕರೆ ಉಚಿತವಾದ ಮೇಲೆ ಬಡವರ ಕೈಗೂ ಮೊಬೈಲು ಬಂತು. ಆಗ ಹುಟ್ಟಿದ್ದೇ ಮಿಸ್ಡ್ ಕಾಲ್ ಭಾಷೆ. ಒಂದು ರಿಂಗ್ ಎಂದರೆ ತಲುಪಿದೆ, ಎರಡು ಎಂದರೆ ನೀನೇ ಹಚ್ಚು. ಕೊಡುವುದು ತೆಗೆದುಕೊಳ್ಳುವುದು ಏನೂ ಇಲ್ಲದೆ ಸುದ್ದಿ ಮುಟ್ಟುತ್ತಿತ್ತು.

2016ನೆಯ ಇಸವಿ ದೊಡ್ಡ ತಿರುವು. ಆ ವರ್ಷ ಯುಪಿಐ ಆರಂಭವಾಯಿತು, ಸೆಪ್ಟೆಂಬರಿನಲ್ಲಿ ಜಿಯೊ ಬಂದು ಇಂಟರ್ನೆಟ್ ಅಗ್ಗವಾಯಿತು, ನವೆಂಬರಿನಲ್ಲಿ ವಾಟ್ಸಾಪ್‌ಗೆ ವಿಡಿಯೊ ಕರೆ ಸೇರಿತು, ಅದೇ ತಿಂಗಳು ನೋಟು ರದ್ದತಿಯಾಗಿ ಜನ ಫೋನಿನಲ್ಲಿ ಹಣ ಕಳಿಸುವುದನ್ನು ಕಲಿಯಬೇಕಾಯಿತು. ಮಾತು, ಮುಖ, ಹಣ ಈ ಮೂರೂ ಒಂದೇ ಯಂತ್ರದಲ್ಲಿ ಕೂಡಿದವು. ಅಲ್ಲಿಂದ ನಾಲ್ಕು ವರ್ಷಕ್ಕೆ, 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ, ಊರಿಗೆ ಹೋಗಲಾರದವರಿಗೆ ಈ ಯಂತ್ರವೇ ಆಸರೆಯಾಯಿತು.

ಈಗ ನಡೆಯುವ ರೀತಿ

ಫೋನು ಸುಲಭವಾದರೂ ಹೊತ್ತು ಹೊಂದಿಸಿಕೊಳ್ಳುವುದು ಸುಲಭವಲ್ಲ. ರಾತ್ರಿ ಊಟ ಮಾಡದ ಜೈನ ಮನೆಗಳಲ್ಲಿ ಸೂರ್ಯಾಸ್ತಕ್ಕೆ ಮೊದಲೇ ಸಂಜೆಯ ಊಟ ಮುಗಿಯುತ್ತದೆ. ಆಮೇಲೆ ಆರತಿ, ಸಾಮಾಯಿಕ ಅಥವಾ ಪ್ರತಿಕ್ರಮಣ, ನಂತರ ವಯಸ್ಸಾದವರು ಬೇಗ ಮಲಗುತ್ತಾರೆ. ಇತ್ತ ಎರಡನೆಯ ಪಾಳಿಯ ಮಗ ಕೆಲಸ ಮುಗಿಸುವುದು ರಾತ್ರಿ ಹತ್ತಕ್ಕೋ ಹನ್ನೊಂದಕ್ಕೋ. ಆದ್ದರಿಂದ ಅನೇಕ ಮನೆಗಳಲ್ಲಿ ಬೆಳಗಿನ ಹೊತ್ತು ಗೊತ್ತುಮಾಡಿಕೊಂಡಿರುತ್ತಾರೆ. ತಾಯಿ ಬಸದಿಯಿಂದ ಬಂದ ಮೇಲೆ, ಮಗ ಪಾಳಿಗೆ ಹೊರಡುವ ಮುನ್ನ. ಅಮೆರಿಕದಲ್ಲಿರುವ ಮಕ್ಕಳಿಗೂ ಇದೇ ಹೊತ್ತು ಅನುಕೂಲ, ಅಲ್ಲಿನ ಪೂರ್ವ ತೀರದಲ್ಲಿ ಆಗ ಹಿಂದಿನ ದಿನದ ರಾತ್ರಿ.

ಪಂಚಾಂಗದ ಆಪ್‌ಗಳು ಸೂರ್ಯೋದಯ, ಸೂರ್ಯಾಸ್ತ, ನವಕಾರಸಿಯ ಸಮಯ ತೋರಿಸುತ್ತವೆ. ಇಲ್ಲಿ ಒಂದು ಸಂಗತಿ ಗಮನಿಸಬೇಕು. ಊರಿನವರು ಕಳಿಸಿದ ಸಮಯದ ಪಟ್ಟಿ ಇಲ್ಲಿಗೆ ಹೊಂದುವುದಿಲ್ಲ. ಜೂನ್ ತಿಂಗಳಲ್ಲಿ ಜೋಧಪುರದ ಕಡೆ ಹುಬ್ಬಳ್ಳಿಗಿಂತ ಸುಮಾರು ಅರ್ಧ ಗಂಟೆ ತಡವಾಗಿ ಸೂರ್ಯಾಸ್ತವಾಗುತ್ತದೆ. ಡಿಸೆಂಬರಿನಲ್ಲಿ ಅಲ್ಲಿಯೇ ಸುಮಾರು ಕಾಲು ಗಂಟೆ ಮೊದಲು ಆಗುತ್ತದೆ. ವ್ರತ ಹಿಡಿದವರು ಆಪ್‌ನಲ್ಲಿ ತಾವಿರುವ ಊರನ್ನೇ ಆರಿಸಿಕೊಳ್ಳಬೇಕು.

ಮನೆತನದ ವಾಟ್ಸಾಪ್ ಗುಂಪು ಈಗ ಪ್ರತಿ ಮನೆಯಲ್ಲೂ ಇದೆ. ಹುಟ್ಟುಹಬ್ಬ, ಸಂಬಂಧದ ಬಯೋಡೇಟಾ, ಹೊಲದ ಬೆಳೆಯ ಫೋಟೊ, ಆಸ್ಪತ್ರೆಯ ಚೀಟಿ ಎಲ್ಲವೂ ಅದರಲ್ಲಿ ಬರುತ್ತವೆ. ಹೊಲದ ಉತಾರ ನೋಡಲು ಈಗ ಊರಿಗೆ ಹೋಗಬೇಕಿಲ್ಲ. ಕರ್ನಾಟಕ ಸರ್ಕಾರದ ಭೂಮಿ ಯೋಜನೆಯಿಂದ ಪಹಣಿ ಫೋನಿನಲ್ಲೇ ಕಾಣುತ್ತದೆ. ಪಿಂಚಣಿ ಪಡೆಯುವ ತಂದೆತಾಯಿ ಜೀವಿತ ಪ್ರಮಾಣಪತ್ರಕ್ಕಾಗಿ ಬ್ಯಾಂಕಿನ ಮೆಟ್ಟಿಲು ಹತ್ತುವ ಬದಲು ಜೀವನ್ ಪ್ರಮಾಣ್ ವ್ಯವಸ್ಥೆಯಲ್ಲಿ ಮನೆಯಲ್ಲಿ ಕುಳಿತೇ ಮುಖ ತೋರಿಸಿ ಕೆಲಸ ಮುಗಿಸಬಹುದು. 2024ರಲ್ಲಿ ಬಂದ ಯುಪಿಐ ಸರ್ಕಲ್ ಎಂಬ ಅನುಕೂಲದಿಂದ, ಮಗನ ಖಾತೆಯಿಂದ ತಾಯಿ ತನ್ನ ಫೋನಿನಲ್ಲಿ ಔಷಧಕ್ಕೆ, ಕಿರಾಣಿಗೆ ಹಣ ಕೊಡಬಹುದು. ತಿಂಗಳಿಗೆ 15,000 ರೂಪಾಯಿಯ ಮಿತಿ ಇರುವುದರಿಂದ ದೊಡ್ಡ ನಷ್ಟದ ಭಯವೂ ಕಡಿಮೆ.

ದೀಕ್ಷೆ ಪಡೆದವರೊಂದಿಗೆ ನಂಟು

ಮನೆ ಬಿಟ್ಟು ಹೋದವರಲ್ಲಿ ಫೋನಿಗೆ ಸಿಗದವರೂ ಇದ್ದಾರೆ. ದೀಕ್ಷೆ ಪಡೆದ ಮುನಿಗಳು, ಆರ್ಯಿಕಾ ಮಾತಾಜಿಯವರು, ಸಾಧು-ಸಾಧ್ವಿಯರು ಅಂಥವರು. ದಿಗಂಬರ ಮುನಿಗಳ ಬಳಿ ಪಿಂಛಿ, ಕಮಂಡಲ, ಶಾಸ್ತ್ರ ಬಿಟ್ಟರೆ ಬೇರೇನೂ ಇರುವಂತಿಲ್ಲ. ಫೋನು ಪರಿಗ್ರಹವಾಗುತ್ತದೆ. ವಿದ್ಯುತ್ತಿನಲ್ಲಿ ಅಗ್ನಿಕಾಯಿಕ ಜೀವಗಳಿವೆಯೇ ಎಂಬ ವಿಚಾರವಾಗಿ ಸಂಪ್ರದಾಯಗಳಲ್ಲಿ ಹಿಂದಿನಿಂದಲೂ ಚರ್ಚೆ ಇದೆ. ಸ್ಥಾನಕವಾಸಿಗಳ ಕೆಲವು ಸಂಪ್ರದಾಯಗಳಲ್ಲಿ ಪ್ರವಚನಕ್ಕೆ ಮೈಕು ಕೂಡ ಬಳಸುವುದಿಲ್ಲ. ಇದಕ್ಕಿಂತ ಮುಖ್ಯವಾದದ್ದು, ದೀಕ್ಷೆ ಎಂದರೆ ಮನೆಯ ಮೋಹವನ್ನು ಬಿಡುವುದು. ಪ್ರತಿದಿನ ಮನೆಗೆ ಫೋನು ಮಾಡುವ ಮುನಿಯನ್ನು ಯಾರೂ ಊಹಿಸಲಾರರು.

ಹಾಗಾದರೆ ಹೆತ್ತ ತಾಯಿಗೆ ಮಗಳ ಸುದ್ದಿ ಹೇಗೆ ತಿಳಿಯಬೇಕು? ಇಲ್ಲಿ ಶ್ರಾವಕರು ನಡುವೆ ನಿಲ್ಲುತ್ತಾರೆ. ಇಂದು ಸಂಘ ಎಲ್ಲಿಂದ ಎಲ್ಲಿಗೆ ವಿಹಾರ ಮಾಡಿತು, ಆಹಾರಚರ್ಯೆ ಎಲ್ಲಿ ಆಯಿತು, ಚಾತುರ್ಮಾಸ ಯಾವ ಊರಲ್ಲಿ ಎಂಬುದನ್ನು ವಿಹಾರಸೇವೆಯ ಗುಂಪುಗಳಲ್ಲಿ ಹಾಕುತ್ತಾರೆ. ಹೆದ್ದಾರಿಯಲ್ಲಿ ಮುಂಜಾನೆಯ ಕತ್ತಲಲ್ಲಿ ನಡೆಯುವ ತ್ಯಾಗಿಗಳಿಗೆ ವಾಹನಗಳಿಂದ ಅಪಾಯವಿರುವುದರಿಂದ, ಮುಂದಿನ ಊರಿನ ಸ್ವಯಂಸೇವಕರು ಜೊತೆಗೆ ನಡೆಯಲು ಸಜ್ಜಾಗುವುದೂ ಇದೇ ಗುಂಪುಗಳಿಂದ. ತಾಯಿಗೆ ಮಗಳ ಧ್ವನಿ ಕೇಳಿಸುವುದಿಲ್ಲ, ಕ್ಷೇಮವಾಗಿದ್ದಾರೆ ಎಂಬುದಷ್ಟೇ ತಿಳಿಯುತ್ತದೆ. ಧರ್ಮದ ಮಿತಿಯೊಳಗೆ ಅಷ್ಟೇ ಸಾಧ್ಯ, ಅಷ್ಟು ಸಾಕು ಎಂದು ತಾಯಂದಿರು ಸಮಾಧಾನ ಮಾಡಿಕೊಳ್ಳುತ್ತಾರೆ.

ಬೆಳಗಾವಿ ಜಿಲ್ಲೆಯ ಇಬ್ಬರು ಮಹಾಪುರುಷರ ಉದಾಹರಣೆ ಇಲ್ಲಿ ಸೂಕ್ತ. ಭೋಜ ಗ್ರಾಮದ ಚಾರಿತ್ರಚಕ್ರವರ್ತಿ ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರು 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ ಸ್ವೀಕರಿಸಿದರು. ಸಲ್ಲೇಖನದ 26ನೆಯ ದಿನ, ಸೆಪ್ಟೆಂಬರ್ 8ರಂದು, ಅವರು ಮರಾಠಿಯಲ್ಲಿ ನೀಡಿದ ಕೊನೆಯ ಉಪದೇಶವನ್ನು ಧ್ವನಿಮುದ್ರಣ ಮಾಡಿಕೊಳ್ಳಲಾಯಿತು. ಸೆಪ್ಟೆಂಬರ್ 18ರಂದು ಅವರು ಸಮಾಧಿ ಹೊಂದಿದರು. ಅಲ್ಲಿಗೆ ಹೋಗಲಾರದಿದ್ದವರೂ, ಆಮೇಲೆ ಹುಟ್ಟಿದವರೂ ಇಂದು ಆ ಧ್ವನಿ ಕೇಳಬಲ್ಲರು.

ಸದಲಗಾದಲ್ಲಿ 1946ರಲ್ಲಿ ಹುಟ್ಟಿದ ಆಚಾರ್ಯ ಶ್ರೀ ವಿದ್ಯಾಸಾಗರ ಮಹಾರಾಜರು 1968ರಲ್ಲಿ ಅಜ್ಮೇರಿನಲ್ಲಿ ಮುನಿದೀಕ್ಷೆ ಪಡೆದರು. ಆಗ ಅಜ್ಮೇರಿನಿಂದ ಸದಲಗಾಕ್ಕೆ ಕಾಗದ ಬರಲು ದಿನಗಳೇ ಬೇಕು. 2024ರ ಫೆಬ್ರವರಿ 18ರ ನಸುಕಿನಲ್ಲಿ ಛತ್ತೀಸಗಡದ ಡೊಂಗರಗಡದ ಚಂದ್ರಗಿರಿಯಲ್ಲಿ ಅವರು ಸಮಾಧಿ ಹೊಂದಿದಾಗ, ಬೆಳಗಾಗುವಷ್ಟರಲ್ಲಿ ಸುದ್ದಿ ಕರ್ನಾಟಕದ ಮನೆಮನೆಗೆ ಮುಟ್ಟಿತ್ತು. ಅಂದೇ ನಡೆದ ಅಂತಿಮ ಯಾತ್ರೆಯನ್ನು ಜನ ತಮ್ಮ ಮನೆಗಳಲ್ಲಿ ಕುಳಿತು ಕೈಮುಗಿದು ನೋಡಿದರು.

ಆದರೆ ಎಲ್ಲವನ್ನೂ ತೋರಿಸಬಾರದು ಎಂಬ ವಿವೇಕವೂ ಬೇಕು. ಸಂಥಾರಾ ವ್ರತವನ್ನು ರಾಜಸ್ಥಾನ ಹೈಕೋರ್ಟ್ 2015ರ ಆಗಸ್ಟ್ 10ರಂದು ಅಪರಾಧವೆಂದು ಹೇಳಿತ್ತು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು. ವ್ರತದ ಅರ್ಥ ತಿಳಿಯದ ಹೊರಗಿನವರ ಕೈಗೆ ಸಲ್ಲೇಖನದ ವಿಡಿಯೊ ತುಣುಕು ಹೋದರೆ ಅದು ಏನಾಗಿ ಹರಡುತ್ತದೆಂದು ಹೇಳಲಾಗದು. ದೂರದಲ್ಲಿರುವ ಮಕ್ಕಳಿಗೆ ದರ್ಶನ ಮಾಡಿಸುವುದು ಬೇರೆ, ನೂರು ಗುಂಪುಗಳಿಗೆ ಹಂಚುವುದು ಬೇರೆ.

ಕ್ಷಮಾವಣಿ ಫೋನಿನಲ್ಲಿ ಆಗುತ್ತದೆಯೇ

ಶ್ವೇತಾಂಬರರ ಎಂಟು ದಿನಗಳ ಪರ್ಯೂಷಣ ಸಂವತ್ಸರಿಯೊಂದಿಗೆ ಮುಗಿಯುತ್ತದೆ. ದಿಗಂಬರರ ಹತ್ತು ದಿನಗಳ ದಶಲಕ್ಷಣ ಪರ್ವದ ನಂತರ ಕ್ಷಮಾವಣಿ ಬರುತ್ತದೆ. 'ಮಿಚ್ಛಾ ಮಿ ದುಕ್ಕಡಂ' ಎಂದು ಹೇಳಿ ಕ್ಷಮೆ ಕೇಳುವುದು ಮತ್ತು ಕ್ಷಮೆ ಕೊಡುವುದು ಈ ದಿನಗಳ ಸಾರ. ಹಿಂದೆ ಮುದ್ರಿಸಿದ ಕ್ಷಮಾಪಣಾ ಪತ್ರಿಕೆಗಳ ಮೇಲೆ ಒಬ್ಬೊಬ್ಬರ ಹೆಸರು, ವಿಳಾಸ ಬರೆದು ಅಂಚೆಗೆ ಹಾಕುತ್ತಿದ್ದರು. ಹೆಸರು ಬರೆಯುವಾಗ ಆ ವ್ಯಕ್ತಿಯ ಮುಖ ಕಣ್ಣಮುಂದೆ ಬರುತ್ತಿತ್ತು. ಕೈ ಒಂದು ಕ್ಷಣ ನಿಲ್ಲುತ್ತಿದ್ದರೆ, ಆ ಮನೆಯೊಂದಿಗೆ ಏನೋ ಬಾಕಿ ಇದೆಯೆಂದೇ ಅರ್ಥ.

ಈಗ ಹೂವಿನ ಚಿತ್ರವಿರುವ ಒಂದೇ ಸಂದೇಶ ಇನ್ನೂರು ಜನರಿಗೆ ಒಮ್ಮೆಲೇ ಹೋಗುತ್ತದೆ. ಕಳಿಸಿದವನಿಗೆ ಯಾರಿಗೆ ಹೋಯಿತೆಂದು ಗೊತ್ತಿಲ್ಲ, ಪಡೆದವನು ಓದದೆ ಮುಂದಕ್ಕೆ ಕಳಿಸುತ್ತಾನೆ. ಆಸ್ತಿಯ ಹಂಚಿಕೆಯಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ಗುಂಪಿನಲ್ಲಿದ್ದು, ಇಬ್ಬರೂ ಅದೇ ಹೂವಿನ ಚಿತ್ರ ಹಾಕಿ, ಒಬ್ಬರಿಗೊಬ್ಬರು ಫೋನು ಮಾತ್ರ ಮಾಡದೇ ಇರುವ ಮನೆಗಳು ಕಡಿಮೆಯಿಲ್ಲ. ಇದು ಕ್ಷಮೆಯಲ್ಲ, ಲೆಕ್ಕಕ್ಕೆ ಹಾಕಿದ ಸಹಿ.

ದೋಷ ಯಂತ್ರದ್ದಲ್ಲ. ದೂರದಲ್ಲಿರುವವರಿಗೆ ಅದೇ ಯಂತ್ರದಿಂದ ಹೆಸರು ಹಿಡಿದು ಕರೆ ಮಾಡಬಹುದು. 'ಅಣ್ಣಾ, ಹ್ವಾದ ವರ್ಷ ನಾ ಆಡಿದ ಮಾತು ತಪ್ಪು ಆತು' ಎನ್ನಲು ಒಂದು ನಿಮಿಷ ಸಾಕು. ಇನ್ನೂರು ಸಂದೇಶಗಳ ಬದಲು ಇಂಥ ಎರಡು ಕರೆ ಮಾಡಿದರೆ ಪರ್ವ ಸಾರ್ಥಕ. ಆ ದಿನಗಳಲ್ಲಿ ಕೆಲವರು ಮೊಬೈಲ್ ತ್ಯಾಗದ ನಿಯಮ ಹಿಡಿಯುತ್ತಾರೆ. ಅದು ಒಳ್ಳೆಯದೇ, ಆದರೆ ಊರಲ್ಲಿ ವೃದ್ಧ ತಂದೆತಾಯಿ ಇದ್ದವರು ತುರ್ತಿಗೆ ಬೇರೆ ಯಾರ ನಂಬರಿಗೆ ಹಚ್ಚಬೇಕೆಂದು ಮೊದಲೇ ತಿಳಿಸಿ ನಿಯಮ ಹಿಡಿಯಬೇಕು.

'ಎಲ್ಲಾ ಆರಾಮ' ಎಂಬ ಮಾತು

ದಿನಾ ಮಾತನಾಡುವವರಿಗೂ ನಿಜ ತಿಳಿಯುತ್ತದೆ ಎಂಬ ಖಾತ್ರಿ ಇಲ್ಲ. ತಾಯಿ ಜಾರಿಬಿದ್ದು ಮೂರು ದಿನವಾಗಿರುತ್ತದೆ. ಫೋನಿನಲ್ಲಿ ಹೇಳುವುದು 'ಎಲ್ಲಾ ಆರಾಮ ಐತಿ, ನೀ ಚಿಂತಿ ಮಾಡಬ್ಯಾಡ' ಎಂದು. ಮಗನಿಗೆ ರಜೆ ಸಿಗುವುದಿಲ್ಲ, ಸುಮ್ಮನೆ ಏಕೆ ತ್ರಾಸು ಎಂಬ ಅಂತಃಕರಣ. ಅತ್ತ ಮಗನೂ ಹಾಗೆಯೇ. ಓವರ್‌ಟೈಮ್ ನಿಂತಿದೆ, ಬಾಡಿಗೆ ಬಾಕಿ ಇದೆ, ಹೋಟೆಲಿನ ಊಟ ಹಿಡಿಸುತ್ತಿಲ್ಲ ಎಂಬುದನ್ನು ಹೇಳದೆ 'ನಾನೂ ಆರಾಮ' ಎನ್ನುತ್ತಾನೆ. ವಿಡಿಯೊ ಕರೆಯಲ್ಲಿ ಮುಖ ಮಾತ್ರ ಕಾಣುತ್ತದೆ. ಊದಿದ ಕಾಲು, ಖಾಲಿ ಡಬ್ಬಿ, ಗೋಡೆಯ ತೇವ ಕಾಣುವುದಿಲ್ಲ.

ಈ ಮುಚ್ಚುಮರೆ ಪ್ರೀತಿಯಿಂದ ಹುಟ್ಟಿದ್ದಾದರೂ ಅದರ ಬೆಲೆ ದೊಡ್ಡದು. ಕಾಯಿಲೆ ಬೆಳೆದು ಕೈಮೀರಿದ ಮೇಲೆ ಮಕ್ಕಳಿಗೆ ತಿಳಿಯುತ್ತದೆ. ಆಗ 'ದಿನಾ ಮಾತಾಡತಿದ್ದೆವಲ್ಲ' ಎಂಬ ಕೊರಗು ಜೀವನಪೂರ್ತಿ ಉಳಿಯುತ್ತದೆ. ಕಾಗದದ ಕಾಲದಲ್ಲಿ ಸುದ್ದಿ ತಡವಾಗುತ್ತಿದ್ದುದು ದೂರದಿಂದ. ಈಗ ತಡವಾಗುವುದು ಸಂಕೋಚದಿಂದ.

ಇದಕ್ಕೆ ಅನುಭವಸ್ಥರು ಕಂಡುಕೊಂಡ ಉಪಾಯ ಸರಳ. 'ಹೇಗಿದ್ದೀರಿ' ಎಂಬ ಪ್ರಶ್ನೆಗೆ 'ಆರಾಮ' ಎಂಬ ಒಂದೇ ಉತ್ತರ. ಬದಲಿಗೆ 'ಇವತ್ತು ಬಸದಿಗೆ ನಡೆದುಕೊಂಡು ಹೋಗಿದ್ದಿರಾ, ಯಾರ ಜೊತೆ' ಎಂದು ಕೇಳಬೇಕು. 'ಗುಳಿಗೆಯ ಚೀಟಿ ಒಮ್ಮೆ ಕ್ಯಾಮರಾಕ್ಕೆ ಹಿಡಿಯಿರಿ' ಎನ್ನಬೇಕು. ನಿತ್ಯ ಬಸದಿಗೆ ಹೋಗುವ ತಾಯಿ ಎರಡು ದಿನ ಹೋಗಿಲ್ಲವೆಂದರೆ ಕಾರಣ ಇರಲೇಬೇಕು. ಬಸದಿಯ ಪಂಡಿತರು, ನೆರೆಮನೆಯವರು, ಹಾಲಿನವರು ಇವರಲ್ಲಿ ಒಬ್ಬರ ನಂಬರಾದರೂ ಮಗನ ಫೋನಿನಲ್ಲಿ ಇರಬೇಕು. ವಾರಕ್ಕೊಮ್ಮೆ ಅವರಿಗೂ ಕರೆ ಮಾಡಿ ಜೈ ಜಿನೇಂದ್ರ ಹೇಳಿದರೆ ನಿಜಸ್ಥಿತಿ ತಿಳಿಯುತ್ತದೆ.

ವಂಚನೆಯಿಂದ ರಕ್ಷಣೆ

ಮಕ್ಕಳು ದೂರವಿದ್ದಾರೆ, ಖಾತೆಯಲ್ಲಿ ಹಣವಿದೆ, ಫೋನು ಕೈಯಲ್ಲಿದೆ. ವಂಚಕರಿಗೆ ಬೇಕಾದದ್ದು ಇಂಥ ಮನೆಯೇ. 'ನಿಮ್ಮ ಮಗನನ್ನು ಪೊಲೀಸರು ಹಿಡಿದಿದ್ದಾರೆ, ಕೂಡಲೇ ಹಣ ಕಳಿಸಿ' ಎಂದು ಹೆದರಿಸುತ್ತಾರೆ. ಮಗನ ಧ್ವನಿಯನ್ನೇ ಕೃತಕವಾಗಿ ಮಾಡಿ ಕೇಳಿಸುವುದೂ ಈಗ ಸಾಧ್ಯ. ಸಮವಸ್ತ್ರ ತೊಟ್ಟು ವಿಡಿಯೊದಲ್ಲಿ ಕುಳಿತು 'ಡಿಜಿಟಲ್ ಅರೆಸ್ಟ್' ಎನ್ನುತ್ತಾರೆ. ಇಂಥ ಬಂಧನ ಯಾವ ಕಾನೂನಿನಲ್ಲೂ ಇಲ್ಲವೆಂದು ಪ್ರಧಾನಮಂತ್ರಿಗಳು 2024ರ ಅಕ್ಟೋಬರಿನ ಮನ್ ಕಿ ಬಾತ್ ಕಾರ್ಯಕ್ರಮದಲ್ಲಿ ದೇಶಕ್ಕೆ ತಿಳಿಸಿದ್ದಾರೆ. ಪ್ರತಿ ಮನೆಯವರು ಈ ಕೆಳಗಿನವನ್ನು ಪಾಲಿಸುವುದು ಒಳ್ಳೆಯದು.

1. ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಬೇಕು. ಹಣ ಕೇಳಿದವರು ಆ ಮಾತು ಹೇಳದಿದ್ದರೆ ಕೊಡಬಾರದು. ಅದನ್ನು ವಾಟ್ಸಾಪ್‌ನಲ್ಲಿ ಬರೆಯಬಾರದು.

2. ಹೆದರಿಸುವ ಕರೆ ಬಂದರೆ ಕತ್ತರಿಸಿ, ಮಗನ ಹಳೆಯ ನಂಬರಿಗೆ ತಾವೇ ಕರೆ ಮಾಡಬೇಕು.

3. ಹಣ ಪಡೆಯಲು ಪಿನ್ ಒತ್ತಬೇಕಿಲ್ಲ. ಪಿನ್ ಕೇಳಿದರೆ ಹಣ ಹೋಗುತ್ತಿದೆ ಎಂದೇ ತಿಳಿಯಬೇಕು.

4. ಮೋಸವಾದರೆ ನಾಚಿಕೆಪಟ್ಟು ಸುಮ್ಮನಿರದೆ ಕೂಡಲೇ 1930ಕ್ಕೆ ಕರೆ ಮಾಡಬೇಕು. ಎಷ್ಟು ಬೇಗ ತಿಳಿಸಿದರೆ ಹಣ ತಡೆಯುವ ಸಾಧ್ಯತೆ ಅಷ್ಟು ಹೆಚ್ಚು.

5. ತಾಯಿಯ ಫೋನಿನಲ್ಲಿ ಎರಡು-ಮೂರು ಮುಖ್ಯ ನಂಬರುಗಳನ್ನು ಫೋಟೊ ಸಮೇತ ಮುಂದಿನ ಪರದೆಯ ಮೇಲೆ ಇಡಬೇಕು. ಅವನ್ನೇ ದೊಡ್ಡ ಅಕ್ಷರದಲ್ಲಿ ಕಾಗದದ ಮೇಲೂ ಬರೆದು ಗೋಡೆಗೆ ಅಂಟಿಸಬೇಕು. ಫೋನು ಕೆಟ್ಟಾಗ ಆ ಕಾಗದವೇ ಕೆಲಸಕ್ಕೆ ಬರುತ್ತದೆ.

6. ಮುನಿಮಹಾರಾಜರ ಸಮಾಧಿ, ಅಪಘಾತ, ಬಂಧುಗಳ ಮರಣ ಇಂಥ ಸುದ್ದಿ ಬಂದರೆ ಸಂಬಂಧಪಟ್ಟ ಊರಿನ ಒಬ್ಬರಿಗಾದರೂ ಫೋನು ಮಾಡಿ ಖಾತ್ರಿಪಡಿಸಿಕೊಂಡೇ ಮುಂದೆ ಕಳಿಸಬೇಕು. ಅಜಮೇರದ ಕಾಕಾಜಿಯ ಕಥೆ ನೆನಪಿರಲಿ.

ಮಾಲೀಕರ ಹೊಣೆ

ಅಂಗಡಿ, ಕಾರ್ಖಾನೆಯ ಮಾಲೀಕರಿಗೂ ಇಲ್ಲಿ ಕರ್ತವ್ಯವಿದೆ. ಕೆಲಸದ ವೇಳೆಯಲ್ಲಿ ಫೋನು ಬೇಡ ಎನ್ನುವುದು ಸರಿಯೇ, ಯಂತ್ರದ ಮುಂದೆ ನಿಂತವನಿಗೆ ಅದು ಅಪಾಯವೂ ಹೌದು. ಆದರೆ ಊರಿನಿಂದ ತುರ್ತು ಕರೆ ಬಂದರೆ ಮುಟ್ಟಿಸಲು ಕಚೇರಿಯ ಒಂದು ನಂಬರು ಕೆಲಸಗಾರರ ಮನೆಯವರ ಬಳಿ ಇರಬೇಕು. ಹೊಸದಾಗಿ ಬಂದ ಹುಡುಗನ ಊರಿನ ಇಬ್ಬರ ನಂಬರನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕು. ಸಂಬಳ ಸರಿಯಾದ ತಾರೀಖಿಗೆ ಖಾತೆಗೆ ಹೋದರೆ ಅದೇ ದಿನ ಊರಿಗೂ ಹಣ ಮುಟ್ಟುತ್ತದೆ. ಒಂದು ವಾರ ತಡವಾದರೆ ಬಿಹಾರದ ಯಾವುದೋ ಮನೆಯಲ್ಲಿ ಅಂಗಡಿಯ ಉದ್ರಿ ಬೆಳೆಯುತ್ತದೆ. ಪರರ ನೋವನ್ನು ತನ್ನದೆಂದು ತಿಳಿಯುವುದು ಅಹಿಂಸೆಯ ಮೊದಲ ಮೆಟ್ಟಿಲು.

ಸತ್ತೂರಿನ ಆಸ್ಪತ್ರೆಗೆ ದೂರದ ಹಳ್ಳಿಗಳಿಂದ ಬರುವ ರೋಗಿಗಳ ಜೊತೆ ಒಬ್ಬರೇ ಇರುತ್ತಾರೆ. ಸ್ವಯಂಸೇವಕರು ಅಲ್ಲಿಗೆ ಹೋದಾಗ ಹಣ್ಣು ಹಂಚುವುದರ ಜೊತೆಗೆ, ಅವರ ಮನೆಗೆ ಒಂದು ವಿಡಿಯೊ ಕರೆ ಹಚ್ಚಿಕೊಟ್ಟರೆ ಅದೂ ಸೇವೆಯೇ. ಬಸದಿಯ ಪಾಠಶಾಲೆಗೆ ಬರುವ ಮಕ್ಕಳಿಗೆ, ಊರಿನ ಅಜ್ಜ-ಅಜ್ಜಿಗೆ ವಾರಕ್ಕೊಮ್ಮೆ ಕರೆ ಮಾಡಿ ತಾವು ಕಲಿತ ಸ್ತೋತ್ರ ಒಪ್ಪಿಸಬೇಕೆಂದು ಗುರುಗಳು ಹೇಳಬಹುದು. ಮಕ್ಕಳಿಗೆ ಪಾಠ ಗಟ್ಟಿಯಾಗುತ್ತದೆ, ಅಜ್ಜಿಗೆ ಮೊಮ್ಮಗಳ ದನಿ ಸಿಗುತ್ತದೆ, ಊರಿನ ಮಾತೂ ಮಕ್ಕಳ ಬಾಯಲ್ಲಿ ಉಳಿಯುತ್ತದೆ.

2020ರ ಪರ್ಯೂಷಣದಲ್ಲಿ ಪ್ರವಚನ, ಪೂಜೆ ಎಲ್ಲವೂ ಫೋನಿನಲ್ಲಿ ಬರುತ್ತ ಇದ್ದವು. ಆದರೂ ಮುಂಬೈಯ ಜೈನರು ಕೊನೆಯ ಎರಡು ದಿನಗಳಿಗಾದರೂ ಮಂದಿರದ ಬಾಗಿಲು ತೆರೆಯಬೇಕೆಂದು ಸುಪ್ರೀಂ ಕೋರ್ಟಿನವರೆಗೆ ಹೋದರು. ದಾದರ್, ಭಾಯಖಳಾ, ಚೆಂಬೂರಿನ ಮೂರು ಮಂದಿರಗಳಿಗೆ ನಿಬಂಧನೆಗಳೊಂದಿಗೆ ಅನುಮತಿ ಸಿಕ್ಕಿತು. ಪರದೆಯ ಮೇಲಿನ ದರ್ಶನ ಇದ್ದರೂ ಎದುರು ನಿಂತು ಮಾಡುವ ದರ್ಶನ ಬೇಕೆನಿಸಿತು. ತಂದೆತಾಯಿಯ ವಿಷಯವೂ ಹಾಗೆಯೇ. ರಾಯಾಪುರದಿಂದ ಚಿಕ್ಕೋಡಿಗೆ ಹೋಗಿಬರಲು ಒಂದು ರವಿವಾರ ಸಾಕು. ಜಾಲೋರಕ್ಕೆ ರೈಲಿನ ಟಿಕೆಟು ಎರಡು ತಿಂಗಳು ಮೊದಲೇ ಅದೇ ಫೋನಿನಲ್ಲಿ ತೆಗೆಯಬಹುದು. ಇವತ್ತಿನ ಕರೆಯಲ್ಲಿ ತಾಯಿಗೆ ಬರುವ ತಾರೀಖು ಹೇಳಿದರೆ, ಅಲ್ಲಿಯವರೆಗಿನ ದಿನಗಳನ್ನು ಅವರು ಎಣಿಸಿಕೊಂಡು ಕಳೆಯುತ್ತಾರೆ.